ವನೋದ್ಯಾನಗಳ ಪಾಲನೆಯೂ ದಾರಿ ತಪ್ಪಿದ ಮಗುವಿನ ಪಾಠವೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಕೇಂದ್ರ ಸರಕಾರದ ರಾಷ್ಟ್ರೀಯ ವನೋದ್ಯಾನಗಳಲ್ಲದೆ, ಆಯಾ ಸಂಸ್ಥಾನದ ಸರಕಾರವು ತಾನೇ ನಡೆಯಿಸುವ ವನೋದ್ಯಾನಗಳೂ ಉಂಟು. ಇವು ಸರಕಾರದ ಸೊತ್ತೇ ಆದರೂ ಇವುಗಳ ಹುಟ್ಟಿನಲ್ಲಿಯೂ ಉಳಿವಿನಲ್ಲಿಯೂ ನೆರೆಹೊರೆಯ ಜನರ ಕೈಯಿರುವುದನ್ನೂ, ಆ ಜನರು ಮಕ್ಕಳಿಗಾಗಿ ಏರ್ಪಡಿಸಿದ ಒಂದು ಪಾಠವನ್ನೂ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ, ಮಗಳನ್ನು ಹೊರಸಂಚಾರಕ್ಕೆ ಕಳುಹಿಸಿ ಸಂಜೆಯ ತನಕ ಬಾಗಿಲು ನೋಡುವ ತಾಯಂದಿರಿಗೂ ತಿಳಿಸಬೇಕೆಂದು ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ.

ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ ರೆಡ್‌ವುಡ್ ಎಂಬ ಮಹಾವೃಕ್ಷಗಳಿವೆ. ಇವುಗಳಲ್ಲಿ ಕೆಲವು 300 ಅಡಿಗಿಂತಲೂ ಎತ್ತರ. 1900ರಲ್ಲಿ ಇವುಗಳನ್ನು ಮರದ ವ್ಯಾಪಾರಿಗಳ ಕೊಡಲಿಯಿಂದ ಬಿಡಿಸಲು ಆಂಡ್ರ್ಯೂ ಹಿಲ್ ಎಂಬ ಛಾಯಾಚಿತ್ರಕಾರನೂ ಕೆಲವರು ಸ್ತ್ರೀಯರೂ ಮುಂದಾದರು. ಜೋಸೆಫೀನ್ ಮೆಕ್‌ಕ್ರಾಕಿನ್ ಎಂಬ ಲೇಖಕಿಯು, ಹಿಂದಿನ ವರುಷವಷ್ಟೇ ಕಾಡುಕಿಚ್ಚಿನಲ್ಲಿ ಸ್ವಂತ ಮನೆಯನ್ನು ಕಳಕೊಂಡವಳಾದರೂ, ಮರಗಳ ಪರವಾಗಿ ವರ್ತಮಾನಪತ್ರಿಕೆಗೆ ಬರೆದಳು. ಕಾಡಿನೊಳಗೆ ಕೂಡಿದ ಚಿಕ್ಕ ಮಂಡಲಿಯು ಟೊಪ್ಪಿಗೆಯನ್ನು ಸುತ್ತ ಕಳುಹಿಸಿ ಎತ್ತಿದ ಚಂದಾ 32 ಡಾಲರು ಮಾತ್ರ. ಆದರೂ ಅವರು ಸುಮ್ಮನಿರದೆ ಶಾಸನಸಭೆಯ ಬಾಗಿಲು ತಟ್ಟಿದುದರಿಂದ 1901ರಲ್ಲಿ 2,50,000 ಡಾಲರುಗಳು ಮಂಜೂರಾಗಿ, ಮರುವರುಷ ಬಿಗ್ ಬೇಸಿನ್ ವನೋದ್ಯಾನವು ಏರ್ಪಟ್ಟಿತು. ಮುಂದೆ 1928ರಲ್ಲಿ ಸಂಸ್ಥಾನದವರು 60 ಲಕ್ಷ ಡಾಲರುಗಳ ಸಾಲವನ್ನೆತ್ತಲು ಮತ ಕೊಟ್ಟಾಗ, ಸರಕಾರವು ಹಾಕುವಷ್ಟೇ ಹಣವನ್ನು ಜನರೂ ಹಾಕತಕ್ಕದ್ದೆಂಬ ನಿಬಂಧನೆಯಿತ್ತು. ಇದು ಒಳ್ಳೆಯ ನಿಬಂಧನೆಯೆಂದು ನನ್ನ ಮತ. ಕೈಯಿಂದ ಕೊಟ್ಟದ್ದರ ಮೇಲೆ ಕಣ್ಣೂ ಇರುತ್ತದಷ್ಟೆ.

ಆ ಕಣ್ಣಿನ ಅಗತ್ಯವು 2011ರಲ್ಲಿ ಕಂಡುಬಂದಿತು. ಬೊಕ್ಕಸದಲ್ಲಿ ಹಣವಿಲ್ಲವೆಂದು ಸುಮಾರು 280 ವನೋದ್ಯಾನಗಳಲ್ಲಿ 70ನ್ನು ಮುಚ್ಚುವುದಾಗಿ ಸರಕಾರವು ಸಾರಿತು. ಊರೂರಿನ ಮಿತ್ರಮಂಡಲಿಗಳು ಹಣ ಕೂಡಿಸಿದವು. ಇಂಥ ಸಂಘಗಳು ವನೋದ್ಯಾನಗಳನ್ನು ನಡೆಯಿಸುವುದಕ್ಕೂ ಕಾನೂನು ಎಡೆಕೊಟ್ಟಿತು. ಹೀಗೆ ಹೆಚ್ಚಿನವು ಉಳಿದುಕೊಂಡವು. ಆದರೆ 2012ರ ಜುಲೈ ತಿಂಗಳಲ್ಲಿ, ಇಲಾಖೆಯವರು ಲೆಕ್ಕದಲ್ಲಿ ತೋರಿಸದೆ ಇಟ್ಟಿದ್ದ ಸುಮಾರು 5 ಕೋಟಿ 40 ಲಕ್ಷ ಡಾಲರುಗಳು ಹೊರಬಿದ್ದವು! ಮನೆಮನೆ ತಿರುಗಿ ಕಾಸು ಕೂಡಿಸಿದವರ ಮನಸ್ಸು ಎಷ್ಟು ನೊಂದಿರಬೇಕು! ಚಂದಾ ಕೊಡುವವರು ಲೆಕ್ಕ ಕೇಳುವುದಕ್ಕೆ ನಾಚಬಾರದು. ನಮ್ಮ ಶಾಲೆಯ ನಿಧಿಗೆ ಕೊಡುವವರಿಗೂ ಇದನ್ನೇ ಹೇಳುತ್ತೇನೆ.

ಮುಚ್ಚತಕ್ಕವುಗಳ ಪಟ್ಟಿಯಲ್ಲಿದ್ದು ಸ್ನೇಹಿತರ ಪ್ರಯತ್ನದಿಂದ ಉಳಿದವುಗಳಲ್ಲಿ ಪಾಲೋಮಾರ್ ಪರ್ವತದ ವನೋದ್ಯಾನವೂ ಒಂದು. 200 ಅಂಗುಲದ ದೊಡ್ಡ ದೂರದರ್ಶಕ ಯಂತ್ರವಿರುವ ಪರ್ವತವೇ ಇದು. ಇದಕ್ಕೆ ಮೂವತ್ತು ವರುಷ ಮುಂಚೆ ಈ ಪರ್ವತದ ಹೆಸರು ಬಹು ದುಃಖದ ಕಾರಣದಿಂದ ಕೇಳಿಬಂದಿತ್ತು. 1981ರಲ್ಲಿ ಮನೆಯವರೊಂದಿಗೆ ಡೇರೆ ಹಾಕಿ ತಂಗಲು ಬಂದಿದ್ದ ಒಂಬತ್ತು ವರುಷದ ಬಾಲಕನೊಬ್ಬನು ಅಣ್ಣತಮ್ಮಂದಿರಿಂದ ಅಗಲಿ ದಾರಿ ತಪ್ಪಿದನು. ನೂರಾರು ಜನರು ದಿನಗಟ್ಟಲೆ ಹುಡುಕಿದರು. ಸಿಕ್ಕಿದಾಗ ಮಗುವು ಚಳಿಯಿಂದ ಪ್ರಾಣ ಬಿಟ್ಟಿತ್ತು.

ಹುಡುಕಲು ಹೋದವರಲ್ಲಿ ಗಡಿಕಾವಲಿನ ಆಬ್ ಟೇಲರ್ ಎಂಬ, ಹೆಜ್ಜೆಗುರುತು ಹಿಡಿಯುವುದರಲ್ಲಿ ಹೆಸರಾದವನಿದ್ದನು. ಅವನೂ ಜೊತೆಗಾರರೂ ಶೋಕಿಸುತ್ತಾ ಕೂತಿರದೆ ಶಾಲಾಮಕ್ಕಳಿಗಾಗಿ ಒಂದು ಪಾಠವನ್ನು ಸಿದ್ಧಪಡಿಸಿದರು. ಅದರ ಹೆಸರು ‘ಹಗ್ ಎ ಟ್ರೀ’, ಅಂದರೆ ‘ಮರವನ್ನು ಅಪ್ಪಿಕೊ’. ಉತ್ತರಕನ್ನಡದ ಸಾಲ್ಕಣಿಯಲ್ಲಿ 1983ರಲ್ಲಿ ಮರಗಳ ರಕ್ಷಣೆಗಾಗಿ ಆರಂಭವಾದ ಅಪ್ಪಿಕೋ ಚಳುವಳಿಯು ನಿಮ್ಮ ನೆನಪಿಗೆ ಬಂದೀತು. ಇಲ್ಲಿಯಾದರೋ ಮರದ ಆಸರೆಯಿಂದ ಮಗುವನ್ನು ಉಳಿಸುವ ಯೋಚನೆ.

ದಾರಿ ತಪ್ಪಿತೆಂದು ತಿಳಿದೊಡನೆ ಮಗುವು ಹತ್ತಿರದ ಮರದ ಬಳಿ ನಿಂತುಬಿಡಬೇಕು. ಗಾಬರಿಗೊಂಡ ಮಗುವು ನಡೆಯುತ್ತಾ ಹೋದಷ್ಟೂ ಹುಡುಕಬೇಕಾದ ಪ್ರದೇಶವು ಹಿಗ್ಗುತ್ತದೆ. ಅದರ ಬಲವೂ ಕುಗ್ಗುತ್ತದೆ. ಮರವನ್ನು ತಬ್ಬಿ ಅದರೊಡನೆ ಮಾತನಾಡಿದರೂ ಸರಿಯೇ, ಮನಸ್ಸು ಶಾಂತವಾಗುತ್ತದೆ. ಕೊರಳಲ್ಲಿ ಸೀಟಿಯಿರಬೇಕು, ಕೂಗುವ ಗಂಟಲು ಬೇಗನೆ ಬತ್ತುತ್ತದೆ, ಸೀಟಿಯ ಧ್ವನಿಯೋ ದೂರಕ್ಕೆ ಮುಟ್ಟುತ್ತದೆ. ದೊಡ್ಡ ಪ್ಲಾಸ್ಟಿಕ್ ಚೀಲವೊಂದನ್ನು ಮಡಚಿ ಜೊತೆಯಲ್ಲಿಟ್ಟುಕೊಂಡು, ಮುಖಕ್ಕೆ ತೂತು ಮಾಡಿ ತೊಟ್ಟರೆ ಮಳೆಗಾಳಿಗಳು ಮೈಗೆ ತಾಕವು. ಒದ್ದೆ ಬಟ್ಟೆಯೂ ಗಾಳಿಯೂ ಕೂಡಿದಲ್ಲಿ ದೇಹದ ಬಿಸಿ ಬಹು ಬೇಗ ಇಳಿಯುವುದೆಂಬುದನ್ನು ತಾಯಂದಿರು ಮರೆಯಬಾರದು.

ಇವೆಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ದಾರಿ ತಪ್ಪಿದ್ದಕ್ಕೆ ಮನೆಯಲ್ಲಿ ಯಾರೂ ಗದರಿಸುವುದಿಲ್ಲವೆಂದು ಮಗುವಿಗೆ ಮೊದಲೇ ಹೇಳಿರಬೇಕು. ಪೆಟ್ಟು ಬೀಳುವುದೆಂಬ ಅಂಜಿಕೆಯಿಂದಲೂ, ಪರಿಚಯವಿಲ್ಲದವರೊಡನೆ ಮಾತನಾಡಬಾರದೆಂಬ ಕಟ್ಟಪ್ಪಣೆಯ ನೆನಪಿನಿಂದಲೂ ಹುಡುಕಲು ಬಂದವರಿಗೆ ಓಗೊಡದೆ ಪೊದೆಯೊಳಗೆ ಅಡಗುವ ಮಕ್ಕಳುಂಟು. ಶಿಸ್ತಿನ ಹೆಸರಿನಲ್ಲಿ ಮಕ್ಕಳನ್ನು ಬಹಳ ಹೆದರಿಸಿಡುವ ಮನೆಗಳು ಇದನ್ನು ಆಲೋಚಿಸಲಿ.

ಪಾಠದ ಒಂದು ಭಾಗವನ್ನು ಮಾತ್ರ ನಾವು ಇದ್ದಂತೆಯೇ ತೆಗೆದುಕೊಳ್ಳಲಾರೆವು. ರಾತ್ರಿ ಸಪ್ಪಳ ಕೇಳಿದರೆ ಗಟ್ಟಿಯಾಗಿ ಕೂಗಬೇಕು, ಪ್ರಾಣಿಯಾದರೆ ಓಡುವುದು, ಮನುಷ್ಯರಾದರೆ ಬರುವರು ಎಂದು ಅಲ್ಲಿ ಕಲಿಸುತ್ತಾರೆ. ಆನೆಗಳಿರುವ ನಮ್ಮ ಕಾಡುಗಳಲ್ಲಿ ಈ ಉಪದೇಶ ಸಲ್ಲದು. ಅಂಥ ಕಡೆಗೆ ಅರಣ್ಯ ಇಲಾಖೆಯ ಕಾವಲುಗಾರನ ಜೊತೆಯಿಲ್ಲದೆ ನಮ್ಮ ಹುಡುಗಿಯರನ್ನು ಕರೆದೊಯ್ಯುವುದಿಲ್ಲ.

ಕೊನೆಯ ಭಾಗವು ಹೆತ್ತವರಿಗೆ ಸೇರಿದ್ದು. ಮಡಚಿದ ಟವಲಿನ ಮೇಲೆ ಊಟ ಕಟ್ಟುವ ಅಲ್ಯೂಮಿನಿಯಂ ಹಾಳೆಯನ್ನು ಹಾಸಿ, ಹೊರಸಂಚಾರಕ್ಕೆ ಹಾಕಿಕೊಳ್ಳುವ ಪಾದರಕ್ಷೆಯೊಡನೆ ಮಗುವು ಅದನ್ನು ಮೆಟ್ಟಿದರೆ ಅಡಿಯ ಅಚ್ಚು ಸ್ಪಷ್ಟವಾಗಿ ಮೂಡುತ್ತದೆ. ನೂರು ಹೆಜ್ಜೆಗಳ ನಡುವೆ ಯಾವುದು ಕಳೆದುಹೋದ ಮಗುವಿನದೆಂದು ಹುಡುಕುವವರು ಗುರುತಿಸುವುದು ಇದರಿಂದಲೇ. ಮುಂದಿನ ಹೊರಸಂಚಾರಕ್ಕೆ ಒಂದು ವಾರ ಮುಂಚಿತವಾಗಿ ಪ್ರತಿಯೊಬ್ಬ ಬಾಲಕಿಯ ಇಂಥ ಅಚ್ಚನ್ನು, ಹೆಸರನ್ನೂ ತರಗತಿಯನ್ನೂ ಬರೆದು, ತರಗತಿಯ ಅಧ್ಯಾಪಕಿಯ ಕೈಗೆ ತಲುಪಿಸಬೇಕೆಂದು ಪೋಷಕರನ್ನು ಕೇಳಿಕೊಳ್ಳುತ್ತೇನೆ. ಸೀಟಿಗಳನ್ನು ಶಾಲೆಯೇ ಕೊಡುವುದು.