ಯಂತ್ರದ ಕೈಪಿಡಿಯೂ ಒಂದು ಆಸ್ತಿಯೇ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಕೆಂಪಡಿಕೆ ತಯಾರಿಸುವವರಿಗೆ ಕೊಯ್ಲಿನ ಕಾಲದಲ್ಲಿ ಸುಲಿಯುವ ಯಂತ್ರ ಒಂದು ದಿನ ನಿಂತರೂ ನಷ್ಟವೇ. ಹಸಿ ಅಡಿಕೆಯನ್ನು ಬೇಗನೆ ಸುಲಿದು ಬೇಯಿಸಬೇಕು. ಚಾಲಿಯಂತೆ ಒಣಗಿಸಿ ಕಾಯುವ ಅವಕಾಶವಿಲ್ಲ. ಯಂತ್ರ ತಯಾರಿಸಿದ ಸಂಸ್ಥೆ ಮುಚ್ಚಿದ್ದರೆ ಬೇರಿಂಗಿನ ಸಂಖ್ಯೆ, ಬೆಲ್ಟಿನ ಅಳತೆ, ವಿದ್ಯುತ್ ಜೋಡಣೆಯ ನಕ್ಷೆ ಇವುಗಳಿಗೆಲ್ಲ ಕೈಪಿಡಿಯೇ ಆಧಾರ.

ಕೈಪಿಡಿ ಸಾಮಾನ್ಯವಾಗಿ ಖರೀದಿ ಬಿಲ್ಲಿನ ಕಡತದಲ್ಲಿರುತ್ತದೆ. ಕಂಪನಿ ಕಾಯ್ದೆ, 2013ರಂತೆ ಕಂಪನಿಗಳು ಲೆಕ್ಕಪುಸ್ತಕಗಳನ್ನು 8 ಆರ್ಥಿಕ ವರ್ಷ ಇಡಬೇಕು. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನಿನ ಅಂತಿಮ ದಿನಾಂಕದಿಂದ 72 ತಿಂಗಳು ಇಡಬೇಕು. ಅವಧಿ ಮುಗಿದೊಡನೆ ಕಡತ ರದ್ದಿಗೆ ಹೋಗುತ್ತದೆ, ಜೊತೆಗೆ ಕೈಪಿಡಿಯೂ. ಯಂತ್ರದ ಆಯುಷ್ಯ ಮಾತ್ರ ಅಲ್ಲಿಗೆ ಮುಗಿಯದು. ಆದಾಯ ತೆರಿಗೆಯ ಶೇ. 15ರ ಸವಕಳಿಯನ್ನು ಪ್ರತಿ ವರ್ಷ ಕಳೆದರೂ, ರೂ. 1 ಲಕ್ಷದ ಯಂತ್ರಕ್ಕೆ 8 ವರ್ಷಗಳ ಬಳಿಕ ಸುಮಾರು ರೂ. 27,000 ಮೌಲ್ಯ ಉಳಿದಿರುತ್ತದೆ.

ಅಟಾರಿ ಸಂಸ್ಥೆ 1972ರಲ್ಲಿ ಹೊರತಂದ ‘ಪಾಂಗ್’ನಂತಹ, ನಾಣ್ಯ ಹಾಕಿ ಆಡುವ ಯಂತ್ರಗಳನ್ನು ಇಂದಿಗೂ ದುರಸ್ತಿ ಮಾಡುವವರಿದ್ದಾರೆ. ಆಸಕ್ತರು ಅವುಗಳ ಕೈಪಿಡಿ, ಸರ್ಕ್ಯೂಟ್ ನಕ್ಷೆಗಳನ್ನು ಸ್ಕ್ಯಾನ್ ಮಾಡಿ ಉಳಿಸಿರುವುದು ಇದಕ್ಕೊಂದು ಮುಖ್ಯ ಕಾರಣ. ಆಟದ ಯಂತ್ರಕ್ಕೆ ದೊರೆತ ಈ ಕಾಳಜಿ ದುಡಿಮೆಯ ಯಂತ್ರಕ್ಕೂ ಸಲ್ಲಬೇಕು.

ಇದಕ್ಕೆ ಉದ್ದಿಮೆದಾರರು ಅನುಸರಿಸಬಹುದಾದ ಕ್ರಮ ಸರಳ:

1. ಕೈಪಿಡಿಯನ್ನು ಬಿಲ್ಲಿನ ಕಡತದಿಂದ ಬೇರ್ಪಡಿಸಿ, ಸ್ಥಿರಾಸ್ತಿ ವಹಿಯಲ್ಲಿ ಯಂತ್ರದ ಕ್ರಮಸಂಖ್ಯೆಯೊಡನೆ ನಮೂದಿಸುವುದು.
2. ಸ್ಕ್ಯಾನ್ ಮಾಡಿ ಎರಡು ಕಡೆ ಇಡುವುದು.
3. ಬದಲಿಸಿದ ಬಿಡಿಭಾಗಗಳನ್ನು ದಿನಾಂಕಸಹಿತ ಬರೆದಿಡುವುದು.
4. ಯಂತ್ರ ಮಾರುವಾಗ ಕೈಪಿಡಿಯನ್ನೂ ಹಸ್ತಾಂತರಿಸುವುದು.

ಖರ್ಚು ಅತ್ಯಲ್ಪ, ಉಳಿಯುವುದು ಕೊಯ್ಲಿನ ಅಮೂಲ್ಯ ದಿನಗಳು.