ತೇಗುವ ಹಸು, ಏಳನೇ ಕ್ಲಾಸಿನ ಲೆಕ್ಕ

ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ನಮ್ಮ ಸೋದರತ್ತೆ ವಿಜ್ಞಾನ ಹೇಳಿಕೊಡ್ತಾರೆ. ಏಳನೇ ಕ್ಲಾಸಿನ ಮಕ್ಕಳಿಗೆ ಹವಾಮಾನ ಬದಲಾವಣೆ ಬಗ್ಗೆ ಒಂದು ಪಿರಿಯಡ್ ಮಾತಾಡು ಬಾ ಅಂದ್ರು. ನಾನು ಬಿಕಾಂ ಓದಿದವನು. ಧೈರ್ಯಕ್ಕೆ ಇರ್ಲಿ ಅಂತ ಮೊಬೈಲಲ್ಲಿ ಸಿಕ್ಕ ಒಂದು ಅಮೆರಿಕದ ವಿಡಿಯೋ ತಗೊಂಡು ಹೋದೆ. ಒಂದೇ ದೊಡ್ಡಿಯಲ್ಲಿ ಸಾವಿರಾರು ದನ, ಹಿಂದೆ ಭಯ ಹುಟ್ಟಿಸೋ ಸಂಗೀತ, ಭೂಮಿ ಬಿಸಿಯಾಗೋಕೆ ಇವೂ ಕಾರಣ ಅನ್ನೋ ಮಾತು. ಮುಗಿದ ಮೇಲೆ ಹಿಂದಿನ ಸಾಲಿಂದ ಒಬ್ಬಳು ಹುಡುಗಿ ಕೇಳಿದ್ಲು: "ಸಾರ್, ಹಂಗಾದ್ರೆ ನಮ್ಮ ಹಸು ಮಾರ್ಬೇಕಾ?"

ಅವರ ಮನೇಲಿ ಎರಡು ಹಸು. ಡೇರಿಗೆ ಹಾಕೋ ಹಾಲಿನ ದುಡ್ಡಲ್ಲೇ ಸಂಸಾರ ನಡೀಬೇಕು. ಅವತ್ತು ಬೆಳಿಗ್ಗೆ ಆ ಮಕ್ಕಳೆಲ್ಲ 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು ಕುಡಿದೇ ಕ್ಲಾಸಿಗೆ ಬಂದಿದ್ದರು. ನಾನು ಬಾಯಿ ಮುಚ್ಚಿಕೊಂಡು ವಿಡಿಯೋ ಆಫ್ ಮಾಡಿ ಸೀಮೆಸುಣ್ಣ ತಗೊಂಡೆ.

ಮೊದಲು ವಿಜ್ಞಾನ. ಹಸುವಿನ ಹೊಟ್ಟೆಯ ದೊಡ್ಡ ಕೋಣೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಹುಲ್ಲನ್ನು ಹುದುಗಿಸ್ತವೆ. ನಾವು ಅರಗಿಸಿಕೊಳ್ಳಲಾಗದ ಹುಲ್ಲು ಹಾಲಾಗೋದು ಇದರಿಂದಲೇ. ಆಗ ಹುಟ್ಟೋ ಮೀಥೇನ್ ಅನಿಲ ಬಹುಪಾಲು ಬಾಯಿಂದ, ತೇಗಾಗಿ ಹೊರಗೆ ಬರುತ್ತೆ. ಎಲ್ಲರೂ ಅದು ಹೂಸು ಅಂದ್ಕೊಂಡಿದ್ದರು. (ಐದು ನಿಮಿಷ ನಗು. ಅತ್ತೆ ಕಣ್ಣು ಬಿಟ್ಟರು.) ಮೀಥೇನ್ ಗಾಳಿಯಲ್ಲಿ ಇರೋದು ಸುಮಾರು 12 ವರ್ಷ ಅಷ್ಟೆ. ಆದರೆ 20 ವರ್ಷದ ಲೆಕ್ಕದಲ್ಲಿ, ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ 80 ಪಟ್ಟಿಗೂ ಹೆಚ್ಚು ಬಿಸಿ ಮಾಡುತ್ತೆ. ಇದು ಸುಳ್ಳಲ್ಲ, ಮಕ್ಕಳಿಂದ ಮುಚ್ಚಿಡೋದೂ ಬೇಡ.

ಇನ್ನು ಲೆಕ್ಕ. ಅದು ನನಗೆ ಬರುತ್ತೆ. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ 2006ರ ಮಾರ್ಗಸೂಚಿಯಲ್ಲಿ ಸರಾಸರಿಗಳನ್ನು ಕೊಟ್ಟಿದೆ. ನಮ್ಮ ಉಪಖಂಡದ ಒಂದು ಹಾಲಿನ ಹಸು ವರ್ಷಕ್ಕೆ 58 ಕಿಲೋ ಮೀಥೇನ್ ಬಿಡುತ್ತೆ, 900 ಕಿಲೋ ಹಾಲು ಕೊಡುತ್ತೆ. ಉತ್ತರ ಅಮೆರಿಕದ ಹಸು 120 ಕಿಲೋಗೂ ಹೆಚ್ಚು ಮೀಥೇನ್ ಬಿಟ್ಟು 8,400 ಕಿಲೋ ಹಾಲು ಕೊಡುತ್ತೆ. ತಲೆ ಲೆಕ್ಕ ಹಿಡಿದ್ರೆ ತಪ್ಪು ಅವರ ಹಸುವಿನದು, ಲೀಟರ್ ಲೆಕ್ಕ ಹಿಡಿದ್ರೆ ನಮ್ಮದು ಸುಮಾರು ನಾಲ್ಕು ಪಟ್ಟು! ಯಾವುದರಿಂದ ಭಾಗಿಸ್ತೀರಿ ಅನ್ನೋದರ ಮೇಲೆ ಕಳ್ಳ ಯಾರು ಅನ್ನೋದು ಬದಲಾಗುತ್ತೆ.

ಹೀಗ್ಯಾಕೆ? ಅಂಗಡಿ ಬಾಡಿಗೆ ಇದ್ದ ಹಾಗೆ. ವ್ಯಾಪಾರ ಆಗಲಿ ಬಿಡಲಿ, ಬಾಡಿಗೆ ಕಟ್ಟಲೇಬೇಕು. ಹಾಲು ಕೊಡಲಿ ಬಿಡಲಿ, ಹಸು ಜೀವ ಹಿಡ್ಕೊಳ್ಳೋಕೇ ಇಷ್ಟು ಮೇವು ಬೇಕು, ಅಷ್ಟು ತೇಗು ಬರುತ್ತೆ. ಹಾಲು ಜಾಸ್ತಿ ಆದ್ರೆ ಆ ಖರ್ಚು ಲೀಟರ್‌ಗಳ ಮೇಲೆ ಹಂಚಿಹೋಗುತ್ತೆ. ಬರೀ ಒಣ ಹುಲ್ಲು ಹಾಕಿದ್ರೆ ಹಾಲೂ ಕಮ್ಮಿ, ತಿಂದಷ್ಟಕ್ಕೆ ಅನಿಲವೂ ಜಾಸ್ತಿ. ಹಸಿ ಮೇವು, ಹಿಂಡಿ ಸೇರಿದ್ರೆ ಪರವಾಗಿಲ್ಲ.

ಹಾಗಂತ ಎಲ್ಲರೂ ಸೀಮೆಹಸು ತನ್ನಿ ಅಂತ ಹೇಳೋಕೆ ನನಗೆ ಮನಸ್ಸಿಲ್ಲ. ಬಿಸಿಲು ಏರಿದ್ರೆ ಮೊದಲು ಮೇವು ಬಿಡೋದು, ಹಾಲು ಇಳಿಸೋದು ಅದೇ. ಇದನ್ನ ಹೇಳಿದಾಗ ಮಕ್ಕಳೆಲ್ಲ ತಲೆಯಾಡಿಸಿದ್ರು, ಬೇಸಿಗೇಲಿ ನೋಡಿದ್ದಾರೆ. ಆ ವಿಡಿಯೋದಲ್ಲಿ ಹಸು ಭೂಮಿಗೆ ಏನು ಮಾಡ್ತು ಅಂತ ಇತ್ತೇ ಹೊರತು ಬಿಸಿಯಾದ ಭೂಮಿ ಹಸುವಿಗೆ ಏನು ಮಾಡ್ತು ಅಂತ ಇರ್ಲಿಲ್ಲ. ನಮ್ಮ ಹಸು ತಿನ್ನೋದು ಬಹುಪಾಲು ನಾವು ಒಕ್ಕಣೆ ಮಾಡಿ ಬಿಟ್ಟ ಹುಲ್ಲು, ಅದರ ಸಗಣಿ ಹೊಲಕ್ಕೆ ಗೊಬ್ಬರ ಅನ್ನೋದೂ ಇರ್ಲಿಲ್ಲ. 2021ರಲ್ಲಿ ಗ್ಲಾಸ್ಗೋದಲ್ಲಿ ಮೀಥೇನ್ ಇಳಿಸೋ ಒಪ್ಪಂದಕ್ಕೆ ಭಾರತ ಸೇರಲಿಲ್ಲ. ಅದರ ಹಿಂದೆ ಒಂದೆರಡು ದನ ಸಾಕೋ ಇಂಥ ಮನೆಗಳ ಪ್ರಶ್ನೆ ಇದೆ.

ಕೊನೆಗೆ ಒಂದು ಕೆಲಸ ಕೊಟ್ಟೆ: ಒಂದು ವಾರ ಮನೆಯ ಹಸು ಏನು ತಿಂತು, ಎಷ್ಟು ಹಾಲು ಕೊಡ್ತು, ಬರೀರಿ. ಮುಂದಿನ ವಾರ ಫೋನಲ್ಲಿ ಅದೇ ಹುಡುಗಿ ಸಿಕ್ಕಳು. ಒಂದು ಹಸು ದಿನಕ್ಕೆ ಆರು ಲೀಟರ್, ಇನ್ನೊಂದು ಗಬ್ಬ, ಹಾಲು ಬತ್ತಿಸಿದ್ದಾರೆ. "ಸೊನ್ನೆಯಿಂದ ಹೆಂಗೆ ಭಾಗಿಸೋದು ಸಾರ್?"

ಒಂದು ಕರುವಿಂದ ಮುಂದಿನ ಕರುವರೆಗೂ ಸೇರಿಸಿ ಲೆಕ್ಕ ಹಿಡಿಯಮ್ಮ ಅಂದೆ.

"ಹಂಗಾದ್ರೆ ದೊಡ್ಡ ನೋಟ್‌ಬುಕ್ಕೇ ಬೇಕು," ಅಂದಳು.