ಅಂಗಳದ ಕಾವಲುದೀಪ

ಹಾಸನದ ಬಡಾವಣೆಯ ಮನೆಯಾಗಲಿ, ಚನ್ನರಾಯಪಟ್ಟಣದ ತೆಂಗಿನ ತೋಟದ ನಡುವಣ ಒಂಟಿಮನೆಯಾಗಲಿ, ಸಂಜೆಯಿಂದ ಮುಂಜಾವದವರೆಗೆ 12 ಗಂಟೆ ಅಂಗಳದಲ್ಲಿ 60 ವ್ಯಾಟಿನ ಹಳೆಯ ಬಲ್ಬನ್ನು ಉರಿಸುವ ಗೃಹಸ್ಥನು ತಿಂಗಳಿಗೆ 21 ಯೂನಿಟ್ಟಿಗೂ ಮಿಗಿಲಾಗಿ ವ್ಯಯಿಸುತ್ತಾನೆ. 2015ರ ಡಿಸೆಂಬರಿನಲ್ಲಿ ಆರಂಭವಾದ ‘ಹೊಸ ಬೆಳಕು’ ಯೋಜನೆಯಿಂದ ನಾಡಿನ ಮನೆಗಳಿಗೆ ಪರಿಚಿತವಾದ 9 ವ್ಯಾಟಿನ ಎಲ್‌ಇಡಿಯಾದರೋ ಸರಿಸುಮಾರು ಅಷ್ಟೇ ಪ್ರಕಾಶವನ್ನು ಮೂರೂಕಾಲು ಯೂನಿಟ್ಟಿನಲ್ಲಿ ನೀಡುವುದು.

ಚಲನೆಯನ್ನು ಗ್ರಹಿಸುವ ಸೆನ್ಸರ್ ಕೂಡಿದರೆ ವ್ಯಯ ಇನ್ನೂ ಕ್ಷೀಣಿಸುತ್ತದೆ. ಅದು ಕಾಣುವುದು ರೂಪವನ್ನಲ್ಲ, ದೇಹದಿಂದ ಹೊಮ್ಮುವ ಉಷ್ಣದ ಸಂಚಾರವನ್ನು. ಆದಕಾರಣ, ನೇರವಾಗಿ ಎದುರಿಗೆ ಬರುವವನಿಗಿಂತ ಅಡ್ಡಹಾಯುವವನನ್ನು ಬೇಗ ಗುರುತಿಸುವ ಆ ಸಾಧನವನ್ನು, ಜನ ನಡೆವ ಹಾದಿಯ ಪಕ್ಕದಲ್ಲಿ, ಸುಮಾರು 8 ಅಡಿ ಎತ್ತರದಲ್ಲಿ, ಬೆಳಕು ನೆಲಕ್ಕೆ ಬಾಗುವಂತೆ ನಿಲ್ಲಿಸತಕ್ಕದ್ದು. ಕಳ್ಳನಿಗೂ ಕರುವಿಗೂ ಅದು ಭೇದವೆಣಿಸದೆಂಬುದನ್ನು ಕೊಟ್ಟಿಗೆಯುಳ್ಳವರು ಬಲ್ಲರು!

ಮಲೆನಾಡಿನ ಸೆರಗಿನ ಅರಕಲಗೂಡಿನ ಮಳೆಗೆ ಐಪಿ65 ಗುರುತಿನ ಕವಚವೇ ಬೇಕು. ಹೊಳೆನರಸೀಪುರದಲ್ಲಿ ಹೇಮಾವತಿಯ ದಂಡೆಯವರು ಹುಳುಗಳನ್ನು ಅಷ್ಟಾಗಿ ಸೆಳೆಯದ ಹಳದಿ ಛಾಯೆಯನ್ನು ಆರಿಸಲಿ. ಕಣ್ಣು ಕೋರೈಸುವ 50 ವ್ಯಾಟಿನ ಫ್ಲಡ್‌ಲೈಟಾದರೋ, ನನ್ನ ಮತದಲ್ಲಿ, ಕಳ್ಳನಿಗೆ ದಟ್ಟವಾದ ನೆರಳನ್ನು ಒದಗಿಸಿ ನೆರೆಯವರ ನಿದ್ರೆಯನ್ನು ಕೆಡಿಸುವುದಷ್ಟೇ. ಸೌರದೀಪವನ್ನು ಕೊಳ್ಳುವವರು ಆಷಾಢದ ಮೋಡವನ್ನೂ ಲೆಕ್ಕಕ್ಕೆ ಹಿಡಿದು, ಫಲಕವನ್ನು ತೆಂಗಿನ ಗರಿಯ ನೆರಳಿನಿಂದ ದೂರವಿರಿಸತಕ್ಕದ್ದು.